ಕೆಲಸಕ್ಕೆ ಮುಂಚೆ ಲಂಚ, ಕೆಲಸವಾದ ಮೇಲೆ ಕಾಣಿಕೆ

ಅಮೆರಿಕದ ರಾಜಕೀಯ ಭ್ರಷ್ಟಾಚಾರದ ಬಗ್ಗೆ ಓದುವಾಗಲೆಲ್ಲ ನನಗೆ ಒಂದು ಚಿಕ್ಕ ಹಾಳೆ ನೆನಪಾಗುತ್ತದೆ. ಅದರ ನೆತ್ತಿಯಲ್ಲಿ ಕಾಂಗ್ರೆಸ್ಸಿನ, ಅಂದರೆ ಅಲ್ಲಿಯ ಸಂಸತ್ತಿನ, ಮುದ್ರೆಯಿದೆ, ಕೆಳಗೆ ಕೈಬರಹದಲ್ಲಿ ಅಂಕಿಗಳ ಎರಡು ಪಟ್ಟಿಗಳಿವೆ. ಎಡಗಡೆಯದು ರಕ್ಷಣಾ ಇಲಾಖೆಯಿಂದ ಕೊಡಿಸಬಹುದಾದ ಗುತ್ತಿಗೆಯ ಮೊತ್ತ, ಬಲಗಡೆಯದು ಅದಕ್ಕಾಗಿ ಗುತ್ತಿಗೆದಾರ ತೆರಬೇಕಾದ ಬೆಲೆ. ಮೊದಲ 1 ಕೋಟಿ 60 ಲಕ್ಷ ಡಾಲರಿನ ಗುತ್ತಿಗೆಗೆ 1 ಲಕ್ಷ 40 ಸಾವಿರ ಡಾಲರ್ ಬೆಲೆಯ ದೋಣಿ. ಅಲ್ಲಿಂದ ಮುಂದೆ ಪ್ರತಿ 10 ಲಕ್ಷಕ್ಕೆ 50 ಸಾವಿರ. ಒಟ್ಟು ಮೊತ್ತ 2 ಕೋಟಿ ದಾಟಿತೆಂದರೆ ದರ ಅರ್ಧಕ್ಕೆ ಇಳಿದು 25 ಸಾವಿರ. ಸಗಟು ವ್ಯಾಪಾರಕ್ಕೆ ರಿಯಾಯಿತಿ! ಇದನ್ನು ಬರೆದವರು ಕ್ಯಾಲಿಫೋರ್ನಿಯಾದಿಂದ ಆಯ್ಕೆಯಾಗಿದ್ದ ಪ್ರತಿನಿಧಿ, ವಿಯೆಟ್ನಾಂ ಯುದ್ಧದಲ್ಲಿ ಹೆಸರು ಮಾಡಿದ್ದ ಯುದ್ಧವಿಮಾನದ ಪೈಲಟ್, 'ಡ್ಯೂಕ್' ಕನ್ನಿಂಗ್‌ಹ್ಯಾಮ್. 24 ಲಕ್ಷ ಡಾಲರ್ ಲಂಚ ಪಡೆದದ್ದನ್ನು 2005ರಲ್ಲಿ ಅವರೇ ಒಪ್ಪಿಕೊಂಡರು, ಮರುವರ್ಷ 8 ವರ್ಷ 4 ತಿಂಗಳ ಸೆರೆವಾಸದ ಶಿಕ್ಷೆಯಾಯಿತು.

ಇಂಥ ಕಥೆಗಳಿಗೆ ಅಲ್ಲಿ ಬರವಿಲ್ಲ. ಲೂಸಿಯಾನಾದ ಪ್ರತಿನಿಧಿ ವಿಲಿಯಂ ಜೆಫರ್ಸನ್ ಅವರ ಮನೆಯನ್ನು 2005ರಲ್ಲಿ ಎಫ್‌ಬಿಐ ಶೋಧಿಸಿದಾಗ ಫ್ರೀಜರಿನೊಳಗೆ, ಆಹಾರದ ಡಬ್ಬಿಗಳಲ್ಲಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಟ್ಟ 90,000 ಡಾಲರ್ ನಗದು ಸಿಕ್ಕಿತು. ಇಲಿನಾಯ್ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ (ರಾಜ್ಯ ಸರ್ಕಾರದ ಒಬ್ಬ ಚುನಾಯಿತ ಅಧಿಕಾರಿ) ಆಗಿದ್ದ ಪಾಲ್ ಪೊವೆಲ್ 1970ರಲ್ಲಿ ತೀರಿಕೊಂಡ ಮೇಲೆ, ಸ್ಪ್ರಿಂಗ್‌ಫೀಲ್ಡಿನಲ್ಲಿ ಅವರು ವಾಸವಿದ್ದ ಹೋಟೆಲಿನ ಕೋಣೆಯಲ್ಲಿ ಸುಮಾರು 8 ಲಕ್ಷ ಡಾಲರ್ ಪತ್ತೆಯಾಯಿತು. ಅದರಲ್ಲಿ ಬಹುಪಾಲು ಬೂಟಿನ ಪೆಟ್ಟಿಗೆಗಳಲ್ಲಿತ್ತು. ಜೀವಮಾನದಲ್ಲಿ ಅವರ ವಾರ್ಷಿಕ ಸಂಬಳ 30,000 ಡಾಲರನ್ನು ದಾಟಿರಲಿಲ್ಲ. ನ್ಯೂಜೆರ್ಸಿಯ ಸೆನೆಟರ್ ಬಾಬ್ ಮೆನೆಂಡೆಜ್ ಅವರ ಮನೆಯಲ್ಲಿ 2022ರಲ್ಲಿ ಚಿನ್ನದ ಗಟ್ಟಿಗಳ ಜೊತೆಗೆ 4 ಲಕ್ಷ 80 ಸಾವಿರಕ್ಕೂ ಹೆಚ್ಚು ನಗದು ಸಿಕ್ಕಿತು. ಕೆಲವು ಕಟ್ಟುಗಳು ಅವರದೇ ಹೆಸರನ್ನು ಕಸೂತಿ ಮಾಡಿದ್ದ ಜಾಕೆಟ್ಟಿನ ಜೇಬಿನಲ್ಲಿದ್ದವು. ಒಂದು ಕಿಲೋ ಚಿನ್ನಕ್ಕೆ ಬೆಲೆ ಎಷ್ಟು ಎಂದು ಅವರು ಅಂತರ್ಜಾಲದಲ್ಲಿ ಹುಡುಕಿದ್ದು ಕೂಡ ಆರೋಪಪಟ್ಟಿಯಲ್ಲಿತ್ತು. 2024ರ ಜುಲೈಯಲ್ಲಿ 16 ಆರೋಪಗಳಲ್ಲೂ ಅಪರಾಧಿ ಎಂದು ತೀರ್ಮಾನವಾಗಿ, 2025ರ ಜನವರಿಯಲ್ಲಿ ಅವರಿಗೆ 11 ವರ್ಷದ ಶಿಕ್ಷೆ ಬಿತ್ತು.

ಇವನ್ನು ಓದುವಾಗ ನಗು ಬರುತ್ತದೆ, ನಿಜ. ಆದರೆ ಆ ನಗುವಿನಲ್ಲಿ ಒಂದು ಬಗೆಯ ನೆಮ್ಮದಿಯೂ ಇದೆ ಎಂಬುದು ಈಚೆಗೆ ನನಗೆ ಹೊಳೆಯಿತು. ಹಣವನ್ನು ಫ್ರೀಜರಿನಲ್ಲಿ ಬಚ್ಚಿಟ್ಟವನಿಗೆ ತಾನು ಮಾಡಿದ್ದು ತಪ್ಪು ಎಂಬುದಾದರೂ ಗೊತ್ತಿರುತ್ತದೆ, ಅವನು ಸಿಕ್ಕಿಬಿದ್ದಾಗ ಕಾನೂನು ಕೆಲಸ ಮಾಡುತ್ತಿದೆ ಎಂದು ನಮಗೂ ಸಮಾಧಾನವಾಗುತ್ತದೆ. ಬಚ್ಚಿಡುವ ಅಗತ್ಯವೇ ಇಲ್ಲದವರ ಪ್ರಕರಣಗಳನ್ನು ಓದತೊಡಗಿದ ಮೇಲೆ ಆ ಸಮಾಧಾನ ನನ್ನಲ್ಲಿ ಉಳಿದಿಲ್ಲ.

ವರ್ಜೀನಿಯಾದ ಗವರ್ನರ್ ಆಗಿದ್ದ ಬಾಬ್ ಮೆಕ್‌ಡಾನೆಲ್ ಅವರ ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಒಂದು ಪೌಷ್ಟಿಕ ಮಾತ್ರೆಯನ್ನು ಮಾರುಕಟ್ಟೆಗೆ ತರಲು ಹೊರಟಿದ್ದ ಕಂಪನಿಯ ಮುಖ್ಯಸ್ಥರೊಬ್ಬರಿಂದ ಅವರೂ ಅವರ ಪತ್ನಿಯೂ ಸುಮಾರು 1 ಲಕ್ಷ 75 ಸಾವಿರ ಡಾಲರ್ ಮೌಲ್ಯದ ಉಡುಗೊರೆ ಮತ್ತು ಸಾಲವನ್ನು ಪಡೆದರು. ಅದರಲ್ಲಿ ರೋಲೆಕ್ಸ್ ಕೈಗಡಿಯಾರವಿತ್ತು, ಮಗಳ ಮದುವೆಯ ಊಟದ ಖರ್ಚಿಗೆ 15,000 ಡಾಲರ್ ಇತ್ತು, ಓಡಾಡಲು ಫೆರಾರಿ ಕಾರೂ ಸಿಕ್ಕಿತ್ತು. ಆ ಮಾತ್ರೆಯ ಬಗ್ಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ನಡೆಯಲಿ ಎಂಬುದು ಕೊಟ್ಟವರ ಆಸೆ. ಗವರ್ನರ್ ಅವರು ಅಧಿಕಾರಿಗಳೊಂದಿಗೆ ಭೇಟಿ ಏರ್ಪಡಿಸಿದರು, ಗವರ್ನರ್ ನಿವಾಸದಲ್ಲೇ ಆ ಮಾತ್ರೆಯ ಬಿಡುಗಡೆಗೆ ಔತಣ ನಡೆಯಿತು. 2014ರಲ್ಲಿ ಜ್ಯೂರಿ ಅವರನ್ನು ಅಪರಾಧಿ ಎಂದಿತು, ಎರಡು ವರ್ಷದ ಶಿಕ್ಷೆಯೂ ಆಯಿತು. 2016ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಆ ತೀರ್ಪನ್ನು ರದ್ದುಪಡಿಸಿದರು.

ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರು ಈ ಪ್ರಕರಣ ಅಸಹ್ಯ ಹುಟ್ಟಿಸುವಂಥದು, ಬಹುಶಃ ಅದಕ್ಕಿಂತಲೂ ಕೆಟ್ಟದ್ದು ಎಂದು ಒಪ್ಪಿಕೊಂಡರು. ಆದರೆ ಭೇಟಿ ಏರ್ಪಡಿಸುವುದು, ಇನ್ನೊಬ್ಬ ಅಧಿಕಾರಿಗೆ ಫೋನ್ ಮಾಡುವುದು, ಒಂದು ಕಾರ್ಯಕ್ರಮ ನಡೆಸಿಕೊಡುವುದು, ಇವಿಷ್ಟೇ ಲಂಚದ ಕಾಯ್ದೆ ಹೇಳುವ 'ಅಧಿಕೃತ ಕ್ರಿಯೆ' ಎನಿಸಿಕೊಳ್ಳುವುದಿಲ್ಲ ಎಂಬುದು ಅವರ ವಾದ. ಇದರಲ್ಲಿ ತರ್ಕವಿಲ್ಲ ಎಂದು ನಾನು ಹೇಳಲಾರೆ. ಕ್ಷೇತ್ರದ ಜನರ ಅಹವಾಲನ್ನು ಅಧಿಕಾರಿಗಳ ಕಿವಿಗೆ ಹಾಕುವುದೇ ಚುನಾಯಿತ ಪ್ರತಿನಿಧಿಯ ದಿನನಿತ್ಯದ ಕೆಲಸ. ದೇಣಿಗೆ ಕೊಟ್ಟವರಿಗೆ ಒಂದು ಭೇಟಿ ಕೊಡಿಸಿದ್ದಕ್ಕೆಲ್ಲ ಮೊಕದ್ದಮೆ ಹೂಡುವುದಾದರೆ ಹೊರಗಿರುವ ರಾಜಕಾರಣಿ ಒಬ್ಬನೂ ಉಳಿಯಲಾರ. ಆದರೂ ದೊಡ್ಡವರ ಬಾಗಿಲು ತೆರೆಸುವುದೇ ಒಂದು ಸರಕು, ಅದಕ್ಕೊಂದು ಬೆಲೆಯಿದೆ ಎಂಬುದು ಆ ಬಾಗಿಲಲ್ಲಿ ಕಾದು ನಿಂತವರಿಗೆಲ್ಲ ಗೊತ್ತಿರುವ ಸಂಗತಿ. ಅಧಿಕಾರಿಯ ಮೇಜಿಗೆ ಗವರ್ನರ್ ಕಡೆಯಿಂದ ಒಂದು ಮಾತು ಬಂದ ಮೇಲೆ, ಅದರಲ್ಲಿ ಆಜ್ಞೆ ಇರಲಿಲ್ಲ ಎಂದು ವಾದಿಸುವುದು ನ್ಯಾಯಾಲಯದಲ್ಲಿ ಮಾತ್ರ ಸಾಧ್ಯ.

ಈ ತೀರ್ಪಿನ ನೆರಳು ಎಲ್ಲಿಯವರೆಗೆ ಚಾಚಿತು ನೋಡಿ. ಫ್ರೀಜರಿನ ಜೆಫರ್ಸನ್ ಅವರಿಗೆ 2009ರಲ್ಲಿ 13 ವರ್ಷದ ಶಿಕ್ಷೆಯಾಗಿತ್ತು. ಮೆಕ್‌ಡಾನೆಲ್ ಪ್ರಕರಣದಲ್ಲಿ 'ಅಧಿಕೃತ ಕ್ರಿಯೆ'ಯ ಅರ್ಥ ಕಿರಿದಾದ ಮೇಲೆ, ಅವರ ವಿರುದ್ಧ ಉಳಿದಿದ್ದ 10 ಆರೋಪಗಳಲ್ಲಿ 7 ಬಿದ್ದುಹೋಗಿ, ಸುಮಾರು ಐದೂವರೆ ವರ್ಷ ಸೆರೆಯಲ್ಲಿದ್ದದ್ದೇ ಸಾಕೆಂದು 2017ರಲ್ಲಿ ಅವರು ಹೊರಬಂದರು. (ಇನ್ನೊಂದು ವಿಷಯ: ಫ್ರೀಜರಿನ ಸುದ್ದಿ ದೇಶವೆಲ್ಲ ಹರಡಿದ ಮೇಲೆಯೇ, 2006ರ ಡಿಸೆಂಬರಿನಲ್ಲಿ, ಅವರ ಕ್ಷೇತ್ರದ ಮತದಾರರು ಅವರನ್ನು ಮತ್ತೆ ಗೆಲ್ಲಿಸಿದ್ದರು.)

ಮೆಕ್‌ಡಾನೆಲ್ ತೀರ್ಪಿನ ಎಂಟು ವರ್ಷಗಳ ನಂತರದ ಇನ್ನೊಂದು ತೀರ್ಪನ್ನು ಓದಿದಾಗ ನಾನು ನಿಜವಾಗಿಯೂ ಒಂದು ಕ್ಷಣ ತಡೆದು, ಮತ್ತೆ ಮೊದಲಿನಿಂದ ಓದಿದೆ. ಇಂಡಿಯಾನಾ ರಾಜ್ಯದ ಪೋರ್ಟೇಜ್ ಎಂಬ ಪಟ್ಟಣದ ಮೇಯರ್ ಜೇಮ್ಸ್ ಸ್ನೈಡರ್. ಅವರ ಕಾಲದಲ್ಲಿ ಪಟ್ಟಣವು ಸ್ಥಳೀಯ ಲಾರಿ ಮಾರಾಟಗಾರರಿಂದ ಸುಮಾರು 11 ಲಕ್ಷ ಡಾಲರಿಗೆ ಕಸದ ಲಾರಿಗಳನ್ನು ಕೊಂಡಿತು. ಅದಾದ ಮೇಲೆ ಆ ಮಾರಾಟಗಾರರು ಮೇಯರ್ ಅವರಿಗೆ 13,000 ಡಾಲರಿನ ಚೆಕ್ ಬರೆದುಕೊಟ್ಟರು. ಅದು ಸಲಹೆಗಾರಿಕೆಯ ಶುಲ್ಕ ಎಂದು ಮೇಯರ್ ಹೇಳಿದರು, ಜ್ಯೂರಿ ನಂಬಲಿಲ್ಲ. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ಆ ಶಿಕ್ಷೆಯನ್ನು ತಳ್ಳಿಹಾಕಿತು. ರಾಜ್ಯ ಮತ್ತು ಸ್ಥಳೀಯ ಆಡಳಿತದವರಿಗೆ ಅನ್ವಯಿಸುವ ಆ ಕೇಂದ್ರ ಕಾಯ್ದೆಯು ಕೆಲಸಕ್ಕೆ ಮುಂಚೆ ಒಪ್ಪಂದವಾದ ಲಂಚವನ್ನು ನಿಷೇಧಿಸುತ್ತದೆಯೇ ಹೊರತು, ಒಪ್ಪಂದವಿಲ್ಲದೆ ಕೆಲಸವಾದ ಮೇಲೆ ಕೃತಜ್ಞತೆಯಿಂದ ಕೊಟ್ಟ ಕಾಣಿಕೆಯನ್ನು ನಿಷೇಧಿಸುವುದಿಲ್ಲ ಎಂಬುದು ತೀರ್ಪಿನ ಸಾರ.

ಕನ್ನಡದಲ್ಲಿ ಲಂಚ, ರುಷುವತ್ತು, ಮಾಮೂಲು, ಭಕ್ಷೀಸು, ಕಾಣಿಕೆ, ಕೈಬಿಸಿ ಎಂದು ಇಷ್ಟೊಂದು ಪದಗಳಿದ್ದರೂ, ಕೊಟ್ಟ ವೇಳೆಯನ್ನು ನೋಡಿಕೊಂಡು ಪಾಪದ ತೂಕ ಹಾಕುವ ಪದ ನಮ್ಮಲ್ಲಿಲ್ಲ. ಜೇನು ಕಿತ್ತವನು ಕೈ ನೆಕ್ಕಿದ್ದು ಕೀಳುವಾಗಲೋ ಕಿತ್ತಾದ ಮೇಲೋ ಎಂದು ಯಾರೂ ಕೇಳುವುದಿಲ್ಲ. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಬ್ರೆಟ್ ಕ್ಯಾವನಾ ಅವರ ಚಿಂತೆ ಬೇರೆಯದಾಗಿತ್ತು: ದೇಶದಲ್ಲಿ ರಾಜ್ಯ ಮತ್ತು ಸ್ಥಳೀಯ ಮಟ್ಟದಲ್ಲಿ 1 ಕೋಟಿ 90 ಲಕ್ಷ ಮಂದಿ ಸರ್ಕಾರದ ಕೆಲಸದಲ್ಲಿದ್ದಾರೆ, ಒಂದು ಊಟ, ಒಂದು ಪುಸ್ತಕ, ಚೌಕಟ್ಟು ಹಾಕಿದ ಒಂದು ಚಿತ್ರ ಪಡೆದದ್ದಕ್ಕೆ ಅವರನ್ನೆಲ್ಲ ಕೇಂದ್ರದ ಕಾನೂನಿಗೆ ಗುರಿಮಾಡಬೇಕೆ, ಅದನ್ನು ರಾಜ್ಯಗಳೇ ನೋಡಿಕೊಳ್ಳಲಿ ಎಂದರು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಕೆಟಾಂಜಿ ಬ್ರೌನ್ ಜಾಕ್ಸನ್ ಅವರು ಕಾಯ್ದೆಯ ಇಂಥ ಅಸಂಬದ್ಧ ಓದನ್ನು ಇಂದಿನ ಈ ನ್ಯಾಯಾಲಯ ಮಾತ್ರ ಮೆಚ್ಚಬಹುದು ಎಂದು ಖಾರವಾಗಿಯೇ ಬರೆದರು. ನನ್ನ ಒಲವು ಅವರ ಕಡೆಗಿದೆ. 13,000 ಡಾಲರಿನ ಚೆಕ್ಕನ್ನು ಚೌಕಟ್ಟು ಹಾಕಿದ ಚಿತ್ರದ ಪಕ್ಕದಲ್ಲಿಟ್ಟು ನೋಡುವುದು ನನ್ನಿಂದಾಗದು.

ಈ ವ್ಯತ್ಯಾಸವನ್ನು ನೂರು ವರ್ಷಗಳ ಹಿಂದೆಯೇ ಮುಚ್ಚುಮರೆಯಿಲ್ಲದೆ ಹೇಳಿದ ಒಬ್ಬ ಮನುಷ್ಯನಿದ್ದ. ನ್ಯೂಯಾರ್ಕ್ ನಗರದ ರಾಜಕೀಯವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಟ್ಯಾಮನಿ ಹಾಲ್ ಕೂಟದ ಜಾರ್ಜ್ ವಾಷಿಂಗ್ಟನ್ ಪ್ಲಂಕಿಟ್, ನ್ಯಾಯಾಲಯದ ಕಟ್ಟಡದಲ್ಲಿ ಬೂಟು ಪಾಲಿಷ್ ಮಾಡುವವರ ಕಟ್ಟೆಯ ಮೇಲೆ ಕೂತು ತನ್ನ ರಾಜಕೀಯ ತತ್ವವನ್ನು ಪತ್ರಕರ್ತನಿಗೆ ವಿವರಿಸುತ್ತಿದ್ದ. ಅವನ ಪ್ರಕಾರ ಸುಲಿಗೆಯಲ್ಲಿ ಎರಡು ಬಗೆ: ಅಪ್ರಾಮಾಣಿಕ ಸುಲಿಗೆ ಮತ್ತು ಪ್ರಾಮಾಣಿಕ ಸುಲಿಗೆ. ಜೂಜುಕೋರರನ್ನು ಬೆದರಿಸಿ ಹಣ ಕೀಳುವುದು ಮೊದಲನೆಯದು, ಅದನ್ನು ತಾನು ಮುಟ್ಟಲಾರೆ ಎನ್ನುತ್ತಿದ್ದ. ಎಲ್ಲೋ ಒಂದು ಹೊಸ ಉದ್ಯಾನ ಬರಲಿದೆ ಎಂಬ ಸುಳಿವು ಮೊದಲೇ ಸಿಕ್ಕಾಗ ಆ ಜಾಗವನ್ನು ಅಗ್ಗಕ್ಕೆ ಕೊಂಡಿಟ್ಟುಕೊಂಡು, ಆಮೇಲೆ ಒಳ್ಳೆಯ ಬೆಲೆಗೆ ಮಾರುವುದು ಎರಡನೆಯದು. ಅದರಲ್ಲಿ ತಪ್ಪೇನು ಎಂದು ಕೇಳುತ್ತಿದ್ದ. ಅವಕಾಶ ಕಂಡೆ, ಬಾಚಿಕೊಂಡೆ ಎಂಬುದು ಅವನ ಮಾತಿನ ಧಾಟಿ.

ಪ್ಲಂಕಿಟ್‌ನ ಉದ್ಯಾನದ ಜಾಗದಲ್ಲಿ ಇಂದು ಷೇರು ಮಾರುಕಟ್ಟೆಯನ್ನು ಇಟ್ಟು ನೋಡಬಹುದು. ಕಾಂಗ್ರೆಸ್ ಸದಸ್ಯರು ತಮ್ಮ ಸ್ಥಾನದಿಂದ ತಿಳಿದ ಗುಟ್ಟಿನ ಮಾಹಿತಿಯನ್ನು ಬಳಸಿ ಷೇರು ವ್ಯವಹಾರ ಮಾಡಬಾರದು, ಮಾಡಿದ ವ್ಯವಹಾರವನ್ನು 45 ದಿನಗಳೊಳಗೆ ಬಹಿರಂಗಪಡಿಸಬೇಕು ಎಂದು 2012ರಲ್ಲಿ 'ಸ್ಟಾಕ್ ಕಾಯ್ದೆ' ಬಂತು. ತಡವಾಗಿ ಬಹಿರಂಗಪಡಿಸಿದವರಿಗೆ ಮೊದಲ ಬಾರಿಗೆ ವಿಧಿಸುವ ದಂಡ 200 ಡಾಲರ್. ವರ್ಷಕ್ಕೆ 1 ಲಕ್ಷ 74 ಸಾವಿರ ಡಾಲರ್ ಸಂಬಳ ಪಡೆಯುವವರಿಗೆ ಇದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನ್ಯೂಯಾರ್ಕಿನ ಪ್ರತಿನಿಧಿ ಕ್ರಿಸ್ ಕಾಲಿನ್ಸ್ ಪ್ರಸಂಗದಲ್ಲಿ ಕಾನೂನು ಬಿಗಿಯಾಯಿತು, ಆದರೆ ಅದು ಅವರು ನಿರ್ದೇಶಕರಾಗಿದ್ದ ಔಷಧ ಕಂಪನಿಯ ಒಳಗುಟ್ಟಿನ ಪ್ರಕರಣ. ಆ ಕಂಪನಿಯ ಪ್ರಯೋಗ ವಿಫಲವಾಯಿತೆಂಬ ಸುದ್ದಿ ತಲುಪಿದಾಗ ಅವರು ಶ್ವೇತಭವನದ ಹುಲ್ಲುಹಾಸಿನ ಮೇಲೆ ಒಂದು ಔತಣಕೂಟದಲ್ಲಿದ್ದರು. ಅಲ್ಲಿಂದಲೇ ಮಗನಿಗೆ ಫೋನ್ ಮಾಡಿದರು. 26 ತಿಂಗಳ ಶಿಕ್ಷೆಯಾಯಿತು, 2020ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಕ್ಷಮಾದಾನ ನೀಡಿದರು. ದರಪಟ್ಟಿಯ ಕನ್ನಿಂಗ್‌ಹ್ಯಾಮ್ ಅವರಿಗೂ ಮರುತಿಂಗಳು ಅದೇ ಕೈಯಿಂದ ಷರತ್ತಿನ ಕ್ಷಮಾದಾನ ಸಿಕ್ಕಿತು. ಇದು ಒಂದೇ ಪಕ್ಷದ ಚಾಳಿಯೆಂದು ತಿಳಿಯಬೇಡಿ. ಹಣಕಾಸಿನ ವಂಚನೆಯನ್ನು ಒಪ್ಪಿಕೊಂಡು ಜೈಲಿಗೆ ಹೋಗಿಬಂದ ಷಿಕಾಗೋದ ಡ್ಯಾನ್ ರಾಸ್ಟೆನ್‌ಕೌಸ್ಕಿ ಅವರಿಗೆ 2000ದಲ್ಲಿ ಕ್ಷಮಾದಾನ ಕೊಟ್ಟದ್ದು ಬಿಲ್ ಕ್ಲಿಂಟನ್.

ಉಡುಗೊರೆಯ ನಿಯಮಗಳಲ್ಲಿ ನನಗೆ ಅತ್ಯಂತ ಸೋಜಿಗವೆನಿಸಿದ್ದು 'ಹಲ್ಲುಕಡ್ಡಿ ನಿಯಮ'. ಜ್ಯಾಕ್ ಅಬ್ರಮಾಫ್ ಎಂಬ ಲಾಬಿಗಾರ ತನ್ನದೇ ರೆಸ್ಟೋರೆಂಟಿನಲ್ಲಿ ಕಾಂಗ್ರೆಸ್ಸಿಗರಿಗೆ ಊಟ ಹಾಕಿ, ಗಾಲ್ಫ್ ಆಡಲು ಸ್ಕಾಟ್ಲೆಂಡಿಗೆ ಕರೆದೊಯ್ದು ಕೊನೆಗೆ ಜೈಲು ಸೇರಿದ ಹಗರಣದ ನಂತರ, 2007ರಲ್ಲಿ ನಿಯಮಗಳನ್ನು ಬಿಗಿಗೊಳಿಸಲಾಯಿತು. ಲಾಬಿಗಾರರು ಇನ್ನು ಮುಂದೆ ಪ್ರತಿನಿಧಿಗೆ ಊಟ ಕೊಡಿಸುವಂತಿಲ್ಲ. ಆದರೆ ಊಟವೆನಿಸಿಕೊಳ್ಳದ ಅಲ್ಪ ಬೆಲೆಯ ತಿಂಡಿಗೆ ಅಡ್ಡಿಯಿಲ್ಲ. ಹಾಗಾದರೆ ಊಟ ಯಾವುದು, ತಿಂಡಿ ಯಾವುದು? ಕುರ್ಚಿಯಲ್ಲಿ ಕೂತು ಫೋರ್ಕ್ ಹಿಡಿದು ತಿಂದರೆ ಊಟ, ನಿಂತುಕೊಂಡು ಹಲ್ಲುಕಡ್ಡಿಗೆ ಚುಚ್ಚಿ ತಿಂದರೆ ತಿಂಡಿ ಎಂದು ವಾಷಿಂಗ್ಟನ್ನಿನವರು ಅದನ್ನು ಅರ್ಥಮಾಡಿಕೊಂಡರು. ಹೀಗೆ ಫೋರ್ಕನ್ನು ಕಿತ್ತುಕೊಂಡ ಊರಿನಲ್ಲೇ ಅದೇ ಲಾಬಿಗಾರ ಅದೇ ಪ್ರತಿನಿಧಿಗಾಗಿ ಚುನಾವಣಾ ನಿಧಿ ಸಂಗ್ರಹದ ಭೋಜನಕೂಟ ಏರ್ಪಡಿಸಿ, ಊಟವನ್ನೂ ಬಡಿಸಿ, ಚೆಕ್ಕುಗಳನ್ನೂ ಸಂಗ್ರಹಿಸಿಕೊಡಬಹುದು, ಅದು ಕಾನೂನುಬದ್ಧ.

ಚುನಾವಣಾ ದೇಣಿಗೆಯ ವಿಷಯದಲ್ಲಿ 1991ರಿಂದಲೂ ಸುಪ್ರೀಂ ಕೋರ್ಟ್ ಹೇಳುತ್ತಾ ಬಂದಿರುವುದು, ಇಷ್ಟು ಕೊಟ್ಟರೆ ಇದನ್ನು ಮಾಡಿಕೊಡುತ್ತೇನೆ ಎಂಬ ಸ್ಪಷ್ಟ ಮಾತುಕತೆ ಸಾಬೀತಾದರೆ ಮಾತ್ರ ಅದು ಅಪರಾಧ ಎಂದು. 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ನಂತರ ಅಭ್ಯರ್ಥಿಯ ಕೈಗೆ ಕೊಡದೆ ಅಭ್ಯರ್ಥಿಯ ಪರವಾಗಿ ಮಿತಿಯಿಲ್ಲದೆ ಖರ್ಚುಮಾಡುವ ದಾರಿಯೂ ತೆರೆಯಿತು. ಇಷ್ಟೆಲ್ಲ ಸಡಿಲವಿದ್ದರೂ ಸಿಕ್ಕಿಬೀಳುವವರಿದ್ದಾರೆ ಎಂಬುದೇ ಆಶ್ಚರ್ಯ. ಒಹಾಯೋ ವಿಧಾನಸಭೆಯ ಸ್ಪೀಕರ್ ಆಗಿದ್ದ ಲ್ಯಾರಿ ಹೌಸ್‌ಹೋಲ್ಡರ್, ನಷ್ಟದಲ್ಲಿದ್ದ ಅಣು ವಿದ್ಯುತ್ ಸ್ಥಾವರಗಳಿಗೆ ಗ್ರಾಹಕರ ಬಿಲ್ಲಿನಿಂದ 100 ಕೋಟಿ ಡಾಲರಿಗೂ ಮಿಕ್ಕ ನೆರವು ದೊರಕಿಸುವ ಮಸೂದೆಗಾಗಿ, ದಾನಿಗಳ ಹೆಸರು ಹೇಳಬೇಕಿಲ್ಲದ ಸಂಸ್ಥೆಯೊಂದರ ಮೂಲಕ ಸುಮಾರು 6 ಕೋಟಿ ಡಾಲರ್ ಹರಿಸಿಕೊಂಡರು. 2023ರಲ್ಲಿ ಅವರಿಗೆ 20 ವರ್ಷದ ಶಿಕ್ಷೆಯಾಯಿತು. ಇನ್ನೊಂದೆಡೆ ಪ್ರಾಸಿಕ್ಯೂಟರುಗಳೇ ಎಡವಿದ್ದೂ ಇದೆ. ಅಲಾಸ್ಕಾದ ಸೆನೆಟರ್ ಟೆಡ್ ಸ್ಟೀವನ್ಸ್ ಅವರನ್ನು 2008ರ ಅಕ್ಟೋಬರಿನಲ್ಲಿ ಜ್ಯೂರಿ ಅಪರಾಧಿ ಎಂದಿತು, ಮುಂದಿನ ತಿಂಗಳು ಅವರು ಚುನಾವಣೆ ಸೋತರು, ಆರೋಪಿಯ ಪರವಾಗಿದ್ದ ಸಾಕ್ಷ್ಯವನ್ನು ಸರ್ಕಾರಿ ವಕೀಲರು ಮುಚ್ಚಿಟ್ಟಿದ್ದರೆಂದು 2009ರಲ್ಲಿ ಆ ತೀರ್ಪೇ ರದ್ದಾಯಿತು. ಕಾನೂನನ್ನು ಬಿಗಿ ಮಾಡಿ ಎಂದು ಕೂಗುವಾಗ ನಾನು ಈ ಪ್ರಕರಣವನ್ನೂ ನೆನಪಿಟ್ಟುಕೊಳ್ಳಬೇಕಾಗುತ್ತದೆ.

ಕಾನೂನಿನ ಗೆರೆ ಎಲ್ಲಿದ್ದರೂ ತಮ್ಮ ಗೆರೆಯನ್ನು ತಾವೇ ಎಳೆದುಕೊಂಡವರೂ ಅಲ್ಲಿ ಆಗಿಹೋಗಿದ್ದಾರೆ, ಅವರ ಬಗ್ಗೆ ಬರೆಯುವವರು ಕಡಿಮೆ. ಇಲಿನಾಯ್‌ನ ಸೆನೆಟರ್ ಪಾಲ್ ಡಗ್ಲಸ್, ಬೂಟಿನ ಪೆಟ್ಟಿಗೆಯ ಪೊವೆಲ್ ಅವರದೇ ರಾಜ್ಯ ಮತ್ತು ಪಕ್ಷದವರು, ಎರಡೂವರೆ ಡಾಲರಿಗಿಂತ ಹೆಚ್ಚು ಬೆಲೆಯ ಉಡುಗೊರೆಯನ್ನು ತಮ್ಮ ಕಚೇರಿ ಸ್ವೀಕರಿಸಬಾರದೆಂದು ನಿಯಮ ಮಾಡಿಕೊಂಡಿದ್ದರು. ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರಿಗೆ ಕೆಡುಕು ಕಂತೆ ನೋಟಿನಿಂದ ಶುರುವಾಗುವುದಿಲ್ಲ, ಸಣ್ಣ ಸಣ್ಣ ಉಪಕಾರಗಳಿಂದ ಬೆಳೆಯುವ ಸ್ನೇಹದಿಂದ ಶುರುವಾಗುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ವಿಸ್ಕಾನ್ಸಿನ್‌ನ ವಿಲಿಯಂ ಪ್ರಾಕ್ಸ್‌ಮೈರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1982ರ ಸೆನೆಟ್ ಚುನಾವಣೆಯಲ್ಲಿ ಅವರು ಮಾಡಿದ ಒಟ್ಟು ಖರ್ಚು 145 ಡಾಲರ್ 10 ಸೆಂಟ್. ಅದರಲ್ಲಿ ಬಹುಪಾಲು, ಕೇಳದೆ ಬಂದ ದೇಣಿಗೆಯ ಚೆಕ್ಕುಗಳನ್ನು ಹಿಂದಿರುಗಿಸಲು ತಗುಲಿದ ಅಂಚೆ ವೆಚ್ಚ. ಅವರು ಭಾರಿ ಅಂತರದಿಂದ ಗೆದ್ದರು. ಕಾರ್ಖಾನೆಯ ಬಾಗಿಲಲ್ಲಿ, ಆಟದ ಮೈದಾನದ ಹೊರಗೆ ನಿಂತು ಸಾವಿರಾರು ಜನರ ಕೈಕುಲುಕಿ ಇಪ್ಪತ್ತೈದು ವರ್ಷ ಪರಿಚಯ ಬೆಳೆಸಿದವರಿಗೆ ಮಾತ್ರ ಇದು ಸಾಧ್ಯ, ಹೊಸಬರಿಗಲ್ಲ ಎಂಬ ಆಕ್ಷೇಪ ಸರಿಯಾದದ್ದೇ.

ನನಗೆ ಎಲ್ಲರಿಗಿಂತ ಹತ್ತಿರದವರಾಗಿ ಕಾಣುವುದು ದಕ್ಷಿಣ ಡಕೋಟಾದ ಸೆನೆಟರ್ ಲ್ಯಾರಿ ಪ್ರೆಸ್ಲರ್. ಎಫ್‌ಬಿಐ 'ಆಬ್‌ಸ್ಕ್ಯಾಮ್' ಎಂಬ ಹೆಸರಿನಲ್ಲಿ ಒಡ್ಡಿದ ಬಲೆಯಲ್ಲಿ, ಶ್ರೀಮಂತ ಅರಬ್ ಶೇಖ್‌ನ ಪ್ರತಿನಿಧಿಗಳಂತೆ ನಟಿಸಿದ ಏಜೆಂಟರು ರಾಜಕಾರಣಿಗಳಿಗೆ ಹಣ ನೀಡಿ, ಗುಪ್ತ ಕ್ಯಾಮೆರಾದಲ್ಲಿ ಚಿತ್ರೀಕರಿಸಿದರು. ಫ್ಲಾರಿಡಾದ ಪ್ರತಿನಿಧಿ ರಿಚರ್ಡ್ ಕೆಲ್ಲಿ 25,000 ಡಾಲರನ್ನು ಜೇಬುಗಳಿಗೆ ತುರುಕಿಕೊಂಡು, ಹೊರಗೆ ಕಾಣಿಸುತ್ತಿದೆಯೇ ಎಂದು ಕೇಳಿದ್ದು ಅದರಲ್ಲಿ ದಾಖಲಾಗಿದೆ. ಒಬ್ಬ ಸೆನೆಟರ್, ಆರು ಪ್ರತಿನಿಧಿಗಳು ಶಿಕ್ಷೆಗೊಳಗಾದರು. ಆಗ ಅಧ್ಯಕ್ಷ ಪದವಿಗೆ ಸ್ಪರ್ಧಿಸುವ ಪ್ರಯತ್ನದಲ್ಲಿದ್ದು ಹಣದ ತೀವ್ರ ಅಗತ್ಯವಿದ್ದ ಪ್ರೆಸ್ಲರ್ ಅವರನ್ನೂ ಆ ಏಜೆಂಟರಿದ್ದ ಮನೆಗೆ ಕರೆಸಲಾಯಿತು. ಮಾತು ಎತ್ತ ಸಾಗುತ್ತಿದೆ ಎಂದು ತಿಳಿದೊಡನೆ ಅವರು, ತಡೆಯಿರಿ, ನೀವು ಹೇಳುತ್ತಿರುವುದು ಕಾನೂನಿಗೆ ವಿರುದ್ಧವಾಗಬಹುದು ಎಂದರು. ಹಣದ ಅಗತ್ಯವಿದ್ದೂ ಗೆರೆ ದಾಟದ ಅವರ ನಡತೆಯನ್ನು ಮುಂದೆ ನ್ಯಾಯಾಧೀಶರೊಬ್ಬರು ತೀರ್ಪಿನಲ್ಲೇ ಮೆಚ್ಚಿ ಬರೆದರು. ಟಿವಿಯಲ್ಲಿ ಅವರನ್ನು ವೀರನೆಂದು ಹೊಗಳಿದಾಗ ಅವರಿಗೆ ಅದು ಹಿಡಿಸಲಿಲ್ಲ; ಲಂಚ ಬೇಡವೆನ್ನುವುದೇ ವೀರತನ ಎನ್ನುವ ಸ್ಥಿತಿಗೆ ನಾವು ಬಂದುಬಿಟ್ಟೆವೆ ಎಂದು ಕೇಳಿದರು. ಅವರೇನೂ ಸಂತರಾಗಿರಲಿಲ್ಲ, ಮೂರು ಅವಧಿಗೆ ಸೆನೆಟರ್ ಆಗಿದ್ದ ಸಾಮಾನ್ಯ ರಾಜಕಾರಣಿ. 1996ರಲ್ಲಿ ಸೋತರು.

ಆ ಪ್ರೆಸ್ಲರ್ 2014ರಲ್ಲಿ, 72ರ ವಯಸ್ಸಿನಲ್ಲಿ, ಪಕ್ಷದ ಬೆಂಬಲವಿಲ್ಲದೆ ಹಳೆಯ ಸ್ಥಾನಕ್ಕೆ ಮತ್ತೆ ಸ್ಪರ್ಧಿಸಿದರು. ಅದೇ ವರ್ಷ ಲೂಸಿಯಾನಾದಲ್ಲಿ, ಕ್ಯಾಸಿನೊ ಪರವಾನಗಿಗಳ ಸುಲಿಗೆ ಪ್ರಕರಣದಲ್ಲಿ ಎಂಟು ವರ್ಷ ಜೈಲಿನಲ್ಲಿದ್ದು ಬಂದಿದ್ದ ಮಾಜಿ ಗವರ್ನರ್ ಎಡ್ವಿನ್ ಎಡ್ವರ್ಡ್ಸ್, 87ರ ವಯಸ್ಸಿನಲ್ಲಿ ಕಾಂಗ್ರೆಸ್ ಚುನಾವಣೆಗೆ ನಿಂತರು. ಶಿಕ್ಷೆಯಾದವರು ಗವರ್ನರ್ ಆಗಲು 15 ವರ್ಷ ಕಾಯಬೇಕೆಂಬ ನಿಯಮ ಆ ರಾಜ್ಯದಲ್ಲಿತ್ತು, ಕಾಂಗ್ರೆಸ್ಸಿಗೆ ಅಂಥ ಅಡ್ಡಿಯಿರಲಿಲ್ಲ. ರಾಜ್ಯ ಬೇರೆ, ಎದುರಾಳಿಗಳು ಬೇರೆ, ಆದ್ದರಿಂದ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಡುವುದು ನ್ಯಾಯವಲ್ಲವೆಂದು ನನಗೂ ಗೊತ್ತು. ಎಡ್ವರ್ಡ್ಸ್ ಮೊದಲ ಸುತ್ತಿನಲ್ಲಿ ಎಲ್ಲ ಅಭ್ಯರ್ಥಿಗಳಿಗಿಂತ ಮುಂದಿದ್ದರು, ಎರಡನೆಯ ಸುತ್ತಿನಲ್ಲಿ ಶೇ. 38ರಷ್ಟು ಮತ ಪಡೆದು ಸೋತರು. ಪ್ರೆಸ್ಲರ್ ಅವರಿಗೆ ಬಿದ್ದದ್ದು ಶೇ. 17.